ಆಲ್ಬಂ ಬರುವ ಮೊದಲು ಬರೆದಿಡಬೇಕಾದ ಒಂದು ಹಾಳೆ

ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ಮದುವೆಗೆ ಫೋಟೋಗ್ರಾಫರನನ್ನು ಗೊತ್ತು ಮಾಡುವವರು ಮದುಮಕ್ಕಳಲ್ಲ. ಹುಡುಗಿಯ ಸೋದರಮಾವನೋ ಹುಡುಗನ ಅಣ್ಣನೋ ಸ್ಟುಡಿಯೋಕ್ಕೆ ಬರುತ್ತಾನೆ, ಎರಡು ಹಳೆ ಆಲ್ಬಂ ತಿರುವಿ ನೋಡುತ್ತಾನೆ, ಬಯಾನ ಕೊಟ್ಟು ಹೋಗುತ್ತಾನೆ. ಮಾತೆಲ್ಲ ಬಾಯಲ್ಲೇ ಮುಗಿಯುತ್ತದೆ. ಕೆಲವು ತಿಂಗಳ ಮೇಲೆ ಆಲ್ಬಂ ತೆರೆದು ನೋಡುವವಳು ಮದುಮಗಳು, ಬಾಕಿ ತೀರಿಸಬೇಕಾದವನು ಅವಳ ಅಪ್ಪ. ಮಾತಾಡಿದವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು, ನೋಡಿ ನೊಂದುಕೊಳ್ಳುವವರು ಮತ್ತೊಬ್ಬರು. ಈ ಭಾಗದ ಮದುವೆ ಫೋಟೋ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಮೂವರ ನಡುವಿನ ಅಂತರದಲ್ಲಿ.

ಶಹಾಪುರ, ಸುರಪುರದ ಮದುವೆಗಳಲ್ಲಿ ಕ್ಯಾಮೆರಾ ಹಿಡಿದೇ ಸಂಸಾರ ನಡೆಸಿದ ನಾನು, ಇಂಥ ಎಷ್ಟೋ ಜಗಳಗಳಲ್ಲಿ ಸ್ಟುಡಿಯೋದವರಿಗೂ ಮನೆಯವರಿಗೂ ನಡುವೆ ಕೂತು ಮಾತಾಡಿದ್ದೇನೆ. ಅಲ್ಲಿ ಕಲಿತದ್ದು ಎರಡೂ ಕಡೆಯವರಿಗೆ ಬೇಕಾದದ್ದು.

ಬಿ.ಗುಡಿ ಎಂದು ಎಲ್ಲರೂ ಕರೆಯುವ ಈ ಊರು ಬೆಳೆದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. ನೀರಾವರಿ ಕಚೇರಿಗಳು, ನೌಕರರ ಕ್ವಾರ್ಟರ್ಸ್, ಕಾಡಾ ಎಂದು ಕರೆಯುವ ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕೃಷಿ ಕಾಲೇಜು ಇಲ್ಲಿವೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬಂದ ಮೇಲೆ ಸುತ್ತಲಿನ ಹೊಲಗಳಿಗೆ ಭತ್ತ ಬಂತು, ಮನೆಗಳಿಗೆ ಒಂದಿಷ್ಟು ದುಡ್ಡು ಬಂತು, ಮದುವೆಯ ಖರ್ಚೂ ಏರಿತು. ಒಂದು ಕಾಲಕ್ಕೆ ಜೋಡಿ ಫೋಟೋ, ಬೀಗರ ಫೋಟೋ ತೆಗೆದರೆ ಕೆಲಸ ಮುಗಿಯುತ್ತಿತ್ತು. ಈಗ ಪ್ರೀ ವೆಡ್ಡಿಂಗ್ ಶೂಟ್, ಕ್ಯಾಂಡಿಡ್, ಡ್ರೋನ್, ಎಲ್‌ಇಡಿ ಪರದೆ, ಲೈವ್ ಎಲ್ಲ ಸೇರಿ ಲಕ್ಷದ ಮಾತಾಗಿದೆ. ಬಯಾನ ಕೊಡುವ ರೀತಿ ಮಾತ್ರ ಹಳೆಯದೇ ಉಳಿದಿದೆ.

ತಕರಾರು ಏತಕ್ಕೆ?

"ಅಕ್ಕಿಕಾಳು ಬೀಳೂವಾಗಿನ ಫೋಟೋನ ಇಲ್ಲ" ಎಂಬುದು ಇಲ್ಲಿ ಕೇಳುವ ಮೊದಲ ದೂರು. ಆ ಹೊತ್ತಿಗೆ ಮಂಟಪದ ಮುಂದೆ ನೂರು ಕೈಗಳು ಅಕ್ಷತೆ ಎಸೆಯುತ್ತವೆ, ಇನ್ನು ನೂರು ಕೈಗಳು ಮೊಬೈಲ್ ಎತ್ತಿ ಹಿಡಿದಿರುತ್ತವೆ. ಫೋಟೋಗ್ರಾಫರನ ಮುಂದೆ ಬೆನ್ನುಗಳದೇ ಗೋಡೆ. ಸ್ಟುಡಿಯೋದವರು ಇದನ್ನು ಮನೆಯವರಿಗೆ ಮೊದಲೇ ಹೇಳಿರುವುದಿಲ್ಲ, ಮನೆಯವರು ಬಂದವರನ್ನು ತಡೆಯುವುದಿಲ್ಲ.

ಎರಡನೆಯ ದೂರು ಮುಖದ ಬಣ್ಣದ್ದು. ಬೇಸಿಗೆಯ ಮಟಮಟ ಮಧ್ಯಾಹ್ನ, ಕೆಂಪು, ಹಳದಿ ಬಟ್ಟೆಯ ಶಾಮಿಯಾನದ ಕೆಳಗೆ ನಿಂತವರ ಮೈಮೇಲೆ ಬಟ್ಟೆಯ ಬಣ್ಣವೇ ಇಳಿದು ಬೀಳುತ್ತದೆ. ಫ್ಲ್ಯಾಷ್ ಮತ್ತು ಸಂಕಲನದಿಂದ ಅದನ್ನು ಒಂದು ಮಟ್ಟಕ್ಕೆ ತಿದ್ದಬಹುದು, ಪೂರ್ತಿ ಅಳಿಸಲಾಗದು. ಬಿಳಿ ಬಟ್ಟೆಯ ಚಪ್ಪರ ಹಾಕಿಸಿ ಎಂದು ಮೊದಲೇ ಹೇಳಿದರೆ ಜಗಳವೇ ಹುಟ್ಟುವುದಿಲ್ಲ.

ಇವೆರಡೂ ಕುಳಿತು ಮಾತಾಡಿದರೆ ತೀರುವಂಥವು. ತೀರದಂಥವು ಬೇರೆ ಇವೆ. ವೈಶಾಖದ ಒಳ್ಳೆಯ ಮುಹೂರ್ತಕ್ಕೆ ಒಂದೇ ದಿನ ಹಲವು ಮದುವೆ ಹಿಡಿದು, ಮಾತಾಡಿದವನು ತಾನು ಬರದೆ ಮತ್ತೊಬ್ಬ ಹುಡುಗನನ್ನು ಕಳಿಸುವುದು. ಕಾರ್ಡಿನಿಂದ ನಕಲು ಮಾಡಿಕೊಳ್ಳದೆ ಮುಂದಿನ ಮದುವೆಗೆ ಅದೇ ಕಾರ್ಡ್ ಫಾರ್ಮ್ಯಾಟ್ ಮಾಡುವುದು. ಇಡೀ ಮದುವೆಯನ್ನು ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಟ್ಟು, ಅದು ಕೆಟ್ಟಾಗ ಕೈಚೆಲ್ಲುವುದು. ಕೃಷ್ಣಾ ತೀರದ ಒಂದು ಹಳ್ಳಿಯ ಮನೆಗೆ ಹೀಗೇ ಆಯಿತು. ಸುರಗಿ, ದೇವರ ಕಾರ್ಯ, ಮೆರವಣಿಗೆ ಯಾವುದರ ಚಿತ್ರವೂ ಉಳಿಯಲಿಲ್ಲ. ಮದುವೆಯಾದ ಕೆಲವೇ ತಿಂಗಳಿಗೆ ಅಜ್ಜಿ ತೀರಿಕೊಂಡಿದ್ದಳು. ಮೊಮ್ಮಗಳಿಗೆ ಬೇಕಿದ್ದದ್ದು ಅಜ್ಜಿ ಅರಿಷಿಣ ಹಚ್ಚಿದ ಒಂದು ಫೋಟೋ. ದುಡ್ಡು ವಾಪಸು ಕೊಡುತ್ತೇನೆಂದ ಸ್ಟುಡಿಯೋದವನ ಮಾತು ಆ ಮನೆಯಲ್ಲಿ ಯಾರಿಗೂ ಸಮಾಧಾನ ತರಲಿಲ್ಲ.

ಕಾನೂನು ಏನು ಹೇಳುತ್ತದೆ?

ಹಣ ಪಡೆದು ಫೋಟೋ ತೆಗೆಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆ. ಅದರಲ್ಲಿ ಕೊರತೆಯಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಈ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ, ದೂರುದಾರರು ತಾವೇ ವಾದಿಸಬಹುದು.

ಬಯಾನ ಕೊಟ್ಟವನು ಸೋದರಮಾವ, ಹಾಗಾದರೆ ಮದುಮಗಳು ದೂರು ಕೊಡಬಹುದೇ ಎಂದು ನಮ್ಮ ಕಡೆ ಮೇಲಿಂದ ಮೇಲೆ ಕೇಳುತ್ತಾರೆ. ಕೊಡಬಹುದು. ಸೇವೆ ಗೊತ್ತು ಮಾಡಿದವನ ಒಪ್ಪಿಗೆಯಿಂದ ಆ ಸೇವೆಯ ಫಲ ಪಡೆಯುವವರನ್ನೂ ಕಾಯ್ದೆ ಗ್ರಾಹಕರೆಂದೇ ಕರೆಯುತ್ತದೆ. ಹಣ ಪೂರ್ತಿ ಕೊಟ್ಟಿರಬೇಕೆಂದಿಲ್ಲ. ಸ್ವಲ್ಪ ಕೊಟ್ಟು ಉಳಿದದ್ದನ್ನು ಕೊಡುವೆನೆಂದು ಮಾತು ಕೊಟ್ಟಿದ್ದರೂ ಸಾಕು.

ಹಳೆ ಕಾಯ್ದೆಗಿಂತ ದೊಡ್ಡ ಅನುಕೂಲ ಇನ್ನೊಂದಿದೆ. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ಪ್ರಕರಣ ಹಾಕಬಹುದು. ಯಾದಗಿರಿ ಜಿಲ್ಲೆಯಿಂದ ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋದ ಕುಟುಂಬಗಳು ಎಷ್ಟೋ. ಮದುವೆ ಊರಲ್ಲಿ ಆಗಿದ್ದರೂ ಅವರು ಇರುವಲ್ಲಿಂದಲೇ ದೂರು ಕೊಡಲು ಸಾಧ್ಯ. ಹೊರಗಿನ ದೊಡ್ಡ ಊರಿಂದ ಫೋಟೋಗ್ರಾಫರನನ್ನು ಕರೆಸಿದ್ದ ಬಿ.ಗುಡಿಯ ಮನೆಯವರು ಅವನ ಊರಿಗೆ ಅಲೆಯಬೇಕಿಲ್ಲ.

ನೋಟಿಸ್ ತಲುಪಿದ ಎದುರುದಾರ 30 ದಿನದೊಳಗೆ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ಇದನ್ನು ಗಟ್ಟಿಯಾಗಿ ಪಾಲಿಸಬೇಕೆಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಇಂಥದೇ ನಿಯಮವಿದ್ದ ಹಳೆ ಕಾಯ್ದೆಯ ಪ್ರಕರಣದಲ್ಲಿ ಹೇಳಿತು. ಆಯೋಗದ ನೋಟಿಸ್ ಬಂದಾಗ ಹೆದರಿ ಮೂಲೆಗಿಡುವ ಸ್ಟುಡಿಯೋದವರು ಇದನ್ನು ತಿಳಿಯಬೇಕು. ಉತ್ತರ ಕೊಡದವನ ಪಕ್ಷದಲ್ಲಿ ಸತ್ಯವಿದ್ದರೂ ಅದು ದಾಖಲೆಗೆ ಬರುವುದಿಲ್ಲ. ಆಯೋಗದ ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು.

ಕಳೆದುಹೋದ ಫೋಟೋಕ್ಕೆ ಬೆಲೆ ಕಟ್ಟುವುದು ಹೇಗೆ? ಕೇರಳದ ಎರ್ನಾಕುಲಂ ಜಿಲ್ಲಾ ಆಯೋಗದ ಮುಂದೆ ಇಂಥದೊಂದು ಪ್ರಕರಣ ಬಂತು. 2017ರ ಏಪ್ರಿಲ್‌ನಲ್ಲಿ ಮದುವೆಯಾದ ದಂಪತಿ 58,500 ರೂಪಾಯಿ ಕೊಟ್ಟಿದ್ದರು, ವಿಡಿಯೋ ಕೈಸೇರಲೇ ಇಲ್ಲ. ಕೊಟ್ಟ ಹಣ, ಪರಿಹಾರ, ವೆಚ್ಚ ಎಲ್ಲ ಸೇರಿ 1,18,500 ರೂಪಾಯಿ ಕೊಡಬೇಕೆಂದು ಆಯೋಗ ಆದೇಶಿಸಿತು. ಗ್ರಾಹಕನ ಮಾನಸಿಕ ಯಾತನೆಗೂ ಪರಿಹಾರ ಕೊಡಬಹುದೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತ್ತು.

ಹಾಗೆಂದು ದೂರಿದವರೆಲ್ಲ ಗೆಲ್ಲುವುದಿಲ್ಲ. ಸೇವೆಯಲ್ಲಿ ಕೊರತೆಯಿತ್ತೆಂದು ತೋರಿಸುವ ಹೊಣೆ ದೂರುದಾರರದೇ ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆಯೋಗ ತೀರ್ಮಾನಿಸುವುದು ಮುಖ್ಯವಾಗಿ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ. ಬಾಯಿಮಾತಿನ ಬಯಾನಕ್ಕೆ ದಾಖಲೆ ಎಲ್ಲಿಂದ ತರುವುದು? ಎಷ್ಟೋ ನಿಜವಾದ ದೂರುಗಳು ಇಲ್ಲೇ ಕುಸಿಯುತ್ತವೆ.

ಫೋಟೋ ಯಾರದು?

ತೆಗೆದವನದೇ ಹಕ್ಕು ಎಂದು ಸ್ಟುಡಿಯೋದವರು ನಂಬಿದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ ಎನ್ನುತ್ತದೆ 17ನೇ ಕಲಮು. ಮನೆಯವರ ಒಪ್ಪಿಗೆಯಿಲ್ಲದೆ ಮದುಮಗಳ ಫೋಟೋವನ್ನು ಫ್ಲೆಕ್ಸಿಗೆ ಹಾಕುವುದು, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಮಾಡುವುದು ಕಾನೂನಿನ ಕಣ್ಣಿಗೆ ತಪ್ಪಾಗಬಹುದು.

ಇದು ಬರಿಯ ಹಕ್ಕಿನ ಮಾತಲ್ಲ. ಪ್ರೀ ವೆಡ್ಡಿಂಗ್ ಶೂಟ್ ಮುಗಿದ ಮೇಲೆ ನಿಶ್ಚಯ ಮುರಿದುಬಿದ್ದ ಒಂದು ಮನೆಯನ್ನು ನಾನು ಬಲ್ಲೆ. ಹುಡುಗಿಗೆ ಬೇರೆ ಕಡೆ ಸಂಬಂಧ ಬಂದಾಗ ಹಳೆಯ ಜೋಡಿ ಫೋಟೋ ಇನ್ನೂ ಸ್ಟುಡಿಯೋದ ಪುಟದಲ್ಲಿತ್ತು. ತೆಗೆಯಿರಿ ಎಂದು ಅವಳ ಅಪ್ಪ ಕೈಮುಗಿದು ಕೇಳಬೇಕಾಯಿತು. ಕೇಳಿದ ಕೂಡಲೇ ತೆಗೆಯದ ಸ್ಟುಡಿಯೋದವನದು ಅಕ್ಷಮ್ಯ ನಡೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಸಾರಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ. ಆ ತೀರ್ಪು ಸರ್ಕಾರದ ವಿರುದ್ಧದ ದಾವೆಯದಾದರೂ ಅದರ ತಿರುಳು ಒಂದು ಊರಿನ ಹುಡುಗಿಯ ಮಾನಕ್ಕೂ ಸಲ್ಲುತ್ತದೆ.

ಫೋಟೋಗ್ರಾಫರನ ನೋವು

ಬಾಕಿ ಉಳಿಸಿಕೊಳ್ಳುವ ಮನೆಗಳೂ ಕಡಿಮೆಯಿಲ್ಲ. ಮದುವೆಯ ಸಾಲ ತಲೆ ಮೇಲಿರುವಾಗ ಕೊನೆಗೆ ಉಳಿಯುವುದು ಫೋಟೋದ ದುಡ್ಡು. ಆಲ್ಬಂಗೆ ಫೋಟೋ ಆರಿಸಿ ಕೊಡದೆ ತಿಂಗಳುಗಟ್ಟಲೆ ತಡಮಾಡಿ, ಆಮೇಲೆ ತಡವಾಯಿತೆಂದು ಜಗಳಕ್ಕೆ ಬರುವವರಿದ್ದಾರೆ. ಸ್ಟುಡಿಯೋದವನು ಬಾಕಿಗಾಗಿ ಗ್ರಾಹಕರ ಆಯೋಗಕ್ಕೆ ಹೋಗಲಾರ, ಅದು ಗ್ರಾಹಕರಿಗೆ ಮಾತ್ರ. ಅವನ ದಾರಿ ಸಿವಿಲ್ ನ್ಯಾಯಾಲಯ, ಮೂರು ವರ್ಷದೊಳಗೆ. ಅದಕ್ಕಿಂತ ಹತ್ತಿರದ ದಾರಿ ತಾಲ್ಲೂಕು ಕಾನೂನು ಸೇವಾ ಸಮಿತಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿಯೂ ಇಲ್ಲ. ಇನ್ನೊಂದು ಮಾತು: ಹೊಟ್ಟೆಪಾಡಿಗಾಗಿ ತಾನೇ ದುಡಿಯುವ ಫೋಟೋಗ್ರಾಫರ್ ಕೊಂಡ ಕ್ಯಾಮೆರಾ ಕೆಟ್ಟದ್ದಾಗಿದ್ದರೆ, ಮಾರಿದವರ ವಿರುದ್ಧ ಅವನೂ ಗ್ರಾಹಕನೇ.

ಸಿಟ್ಟಿನಲ್ಲಿ ಮಾತು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡಲ್ಲಾಸಿನ ಪ್ರಕರಣ ನೋಡಬೇಕು. 2014ರಲ್ಲಿ ಮದುವೆಯಾದ ದಂಪತಿಗೂ ಫೋಟೋಗ್ರಾಫರಳಿಗೂ 125 ಡಾಲರಿನ ಆಲ್ಬಂ ರಟ್ಟಿನ ಬಗ್ಗೆ ತಕರಾರು. ದಂಪತಿ ಟಿ.ವಿ. ಮುಂದೆ ಹೋದರು, ಅವಳ ಹೆಸರು ಕೆಟ್ಟಿತು, ಧಂದೆ ಮುಳುಗಿತು. 2017ರಲ್ಲಿ ಜ್ಯೂರಿ ಮಾನನಷ್ಟಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಕೊಡಿಸಿತು. ಮರುವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯವೂ ಇಂಥದೇ ಪ್ರಕರಣದಲ್ಲಿ ಫೋಟೋಗ್ರಫಿ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ನಮ್ಮಲ್ಲೂ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿ ಅಪರಾಧ. ನಡೆದದ್ದನ್ನು ನಡೆದ ಹಾಗೆ ಹೇಳಲು ಅಂಜಬೇಕಿಲ್ಲ. ಆದರೆ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬನನ್ನು ಕಳ್ಳ, ಮೋಸಗಾರ ಎಂದು ಬರೆಯುವ ಮುನ್ನ ಯೋಚಿಸಬೇಕು.

ಹಾಳೆಯಲ್ಲಿ ಏನಿರಬೇಕು?

ಬಾಯಿಮಾತಿನ ಒಪ್ಪಂದವೂ ಕಾನೂನಿನಲ್ಲಿ ಒಪ್ಪಂದವೇ, ಆದರೆ ಅದನ್ನು ರುಜುಪಡಿಸುವುದು ಕಷ್ಟ. ಬಾಂಡ್ ಪೇಪರ್ ಬೇಕಿಲ್ಲ. ಎರಡೂ ಕಡೆಯವರು ಸಹಿ ಹಾಕಿದ ಒಂದು ಕನ್ನಡದ ಹಾಳೆ ಸಾಕು.

ಅದರಲ್ಲಿ ಮೊದಲು ಹೆಸರುಗಳಿರಲಿ: ಗೊತ್ತು ಮಾಡಿದವರು, ಹಣ ಕೊಡುವವರು, ಆಲ್ಬಂ ಒಪ್ಪುವವರು. ಮದುಮಗಳ ಸಹಿಯನ್ನೂ ಹಾಕಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಅವಳ ಮದುವೆ ಅದು. ಯಾವ ಯಾವ ಕಾರ್ಯ, ಎಷ್ಟು ಹೊತ್ತಿಗೆ, ಎಷ್ಟು ಜನ ಕ್ಯಾಮೆರಾದವರು ಎಂದು ಬರೆಯಬೇಕು. ಮುಖ್ಯ ಫೋಟೋಗ್ರಾಫರ್ ಯಾರು, ಅವನು ಬರಲಾಗದಿದ್ದರೆ ಯಾರನ್ನು ಕಳಿಸುತ್ತಾನೆ, ಅದಕ್ಕೆ ಮನೆಯವರ ಒಪ್ಪಿಗೆ ಬೇಕೇ ಎಂಬುದೂ ಬೇಕು. ತಪ್ಪಲೇಬಾರದ ಫೋಟೋಗಳ ಪಟ್ಟಿಯನ್ನು ಮನೆಯವರೇ ಕೊಡಲಿ. ಅಜ್ಜ, ಅಜ್ಜಿಯ ಹೆಸರು ಅದರಲ್ಲಿ ಮೊದಲಿರಲಿ.

ಫೋಟೋ ಆರಿಸಿ ಕೊಡಲು ಮನೆಯವರಿಗೆ ಒಂದು ತಾರೀಖು, ಆಲ್ಬಂ ಕೊಡಲು ಸ್ಟುಡಿಯೋದವನಿಗೆ ಒಂದು ತಾರೀಖು. ಹಣ ಮೂರು ಕಂತಿನಲ್ಲಿ, ಒಂದೊಂದಕ್ಕೂ ರಸೀದಿ. ಕೇಳಿದರೂ ಬಿಲ್ಲು ಕೊಡದಿರುವುದನ್ನು ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಮೂಲ ಫೈಲುಗಳು ಎಷ್ಟು ತಿಂಗಳು ಸ್ಟುಡಿಯೋದಲ್ಲಿರುತ್ತವೆ, ಫೋಟೋವನ್ನು ಜಾಹೀರಾತಿಗೆ ಬಳಸಬಹುದೇ, ಮದುವೆ ನಿಂತರೆ ಬಯಾನ ಏನಾಗುತ್ತದೆ ಎಂಬ ಮೂರು ಸಾಲು ಸೇರಿಸಿದರೆ ಹಾಳೆ ತುಂಬಿತು.

ನಷ್ಟದ ಹೊಣೆಗೆ ಮಿತಿ ಹಾಕುವವರು ಹುಷಾರಾಗಿರಬೇಕು. ಸಹಿ ಹಾಕಿದ ಮಿತಿಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಒಂದು ಕೊರಿಯರ್ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. ಆದರೆ ಒಂದೇ ಕಡೆಗೆ ವಾಲಿದ ಷರತ್ತುಗಳು ಗ್ರಾಹಕರನ್ನು ಕಟ್ಟಿಹಾಕಲಾರವು ಎಂದು 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. "ಏನಾದರೂ ನಾವು ಜವಾಬ್ದಾರರಲ್ಲ" ಎಂದು ರಸೀದಿಯ ಹಿಂದೆ ಅಚ್ಚು ಹಾಕಿಸಿಕೊಂಡು ನಿಶ್ಚಿಂತೆಯಿಂದ ಇರುವಂತಿಲ್ಲ.

ಸ್ಟುಡಿಯೋದವರಿಗೆ ಕೆಲಸದ ಮಾತು ಇಷ್ಟು. ಎರಡು ಕಾರ್ಡ್ ಹಾಕುವ ಕ್ಯಾಮೆರಾದಲ್ಲಿ ಎರಡರಲ್ಲೂ ಬರೆಸಿ. ಮದುವೆ ಮುಗಿದ ರಾತ್ರಿಯೇ ಎರಡು ಡಿಸ್ಕಿಗೆ ನಕಲು ಮಾಡಿ, ಒಂದನ್ನು ಸ್ಟುಡಿಯೋದಿಂದ ಹೊರಗಿಡಿ. ಆಲ್ಬಂ ಕೊಟ್ಟು ಸಹಿ ಪಡೆಯುವವರೆಗೆ ಯಾವುದನ್ನೂ ಅಳಿಸಬೇಡಿ.

ಮನೆಯವರಿಗೆ ಕೊನೆಯದಾಗಿ ಒಂದು ತಾರೀಖಿನ ಮಾತು. ನ್ಯೂಯಾರ್ಕಿನ ಒಬ್ಬ ವರ 2003ರ ಮದುವೆಯ ಕೊನೆಯ ಹದಿನೈದು ನಿಮಿಷದ ಚಿತ್ರಗಳಿಲ್ಲವೆಂದು ಸುಮಾರು ಆರು ವರ್ಷದ ಮೇಲೆ ದಾವೆ ಹೂಡಿದ, ಅಷ್ಟರಲ್ಲಿ ಅವನ ಸಂಸಾರವೇ ಮುರಿದಿತ್ತು. ನಮ್ಮಲ್ಲಿ ಅಷ್ಟು ಕಾಲ ಇಲ್ಲ. ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ದೂರು ಹೋಗಬೇಕು. "ನಾಳೆ ಕೊಡ್ತೀನ್ರಿ" ಎಂಬ ಮಾತನ್ನು ನಂಬಿ ಆ ಕಾಲ ಕಳೆದುಕೊಳ್ಳಬೇಡಿ. ಮೊದಲು ಲಿಖಿತ ನೋಟಿಸ್ ಕೊಡಿ, ರಾಜಿಗೆ ಬಾಗಿಲು ತೆರೆದಿಡಿ. ದಾರಿ ಕೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವಿಗೆ 15100.