ಹೊಗೆ ನಿಂತಿತೆಂದು ತೋಟ ಬಿಟ್ಟು ಬರಬೇಡಿ

ಶಿವರಾತ್ರಿ ಕಳೆದ ಮೇಲೆ ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿನ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು, ಈ ಲೇಖನ ಯಾಕೆ ಬರೆಯಬೇಕಾಯಿತು ಎಂಬುದು ಗೊತ್ತಾಗುತ್ತದೆ. ಕಪ್ಪಗಾದ ಬದುಗಳು, ಅರ್ಧ ಬೆಂದ ಕತ್ತಾಳೆ ಬೇಲಿ, ಬುಡದಿಂದ ಆಳೆತ್ತರ ಮಸಿ ಹಿಡಿದ ತೆಂಗಿನ ಮರಗಳು. ಬೆಂಕಿ ಹಚ್ಚಿದವರನ್ನು ಮಾತಾಡಿಸಿದರೆ ಬಹಳಷ್ಟು ಸಲ ಸಿಗುವ ಉತ್ತರ ಒಂದೇ: ‘ಆರಿಸೇ ಬಂದಿದ್ದೆ ಸಾರ್, ಅದೆಲ್ಲಿಂದ ಹತ್ಕೊಂತೋ ಗೊತ್ತಿಲ್ಲ.’ ಅವರು ಸುಳ್ಳು ಹೇಳುತ್ತಿಲ್ಲ. ಉರಿ ಆರಿಸಿದ್ದರು, ಕೆಂಡ ಆರಿಸಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ತೋಟದ ಕಸ ಸುಡುವುದು ನನಗೆ ಇಷ್ಟವಿಲ್ಲ. ಒಂದು ತೆಂಗಿನ ಮರ ವರ್ಷಕ್ಕೆ 12ರಿಂದ 14 ಗರಿ ಉದುರಿಸುತ್ತದೆ. 25 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 70 ಮರ, ಅಂದರೆ ವರ್ಷಕ್ಕೆ ಎಂಟು ನೂರಕ್ಕೂ ಹೆಚ್ಚು ಗರಿ. ಅಷ್ಟನ್ನೂ ಕತ್ತರಿಸಿ ಪಾತಿಗೆ ಹೊದಿಸಿದರೆ ಬೇಸಿಗೆಯ ನೀರು ಉಳಿಯುತ್ತದೆ. ಕಾಯಿ ಸುಲಿದ ಮಟ್ಟೆಯನ್ನು ಸಾಲುಗಳ ನಡುವೆ ಗುಂಡಿ ತೆಗೆದು ಹೂತರೂ ಅಷ್ಟೇ. ಆದರೂ ಕೆಲವನ್ನು ಸುಡಲೇಬೇಕಾಗುತ್ತದೆ. ಕಪ್ಪುತಲೆ ಹುಳು ಬಿದ್ದ ಗರಿಯನ್ನು ಕಡಿದು ಸುಡಿ ಎಂದು ತೋಟಗಾರಿಕೆಯವರೇ ಹೇಳುತ್ತಾರೆ. ಮುಳ್ಳು, ಲಂಟಾನ ಗೊಬ್ಬರದ ಗುಂಡಿಯಲ್ಲಿ ಬೇಗ ಕರಗುವುದಿಲ್ಲ. ಹಾಗಾಗಿ ಸುಡುವವರಿಗೆ ಈ ಕ್ರಮ.

ದಿನ, ಹೊತ್ತು

ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಹಚ್ಚದಿರುವುದೇ ಮೇಲು. ಅಶ್ವಿನಿಯೋ ಭರಣಿಯೋ, ಒಂದು ಹದ ಮಳೆ ಬಿದ್ದ ಮೇಲೆ ರಾಶಿ ಒಣಗಿದ್ದು ಸುತ್ತಲ ನೆಲ ಹಸಿಯಾಗಿರುವ ಎರಡು ದಿನ ಸಿಗುತ್ತವೆ. ಅದೇ ಸರಿಯಾದ ಸಮಯ. ಕಾಯಲು ಆಗದಿದ್ದರೆ ಇಬ್ಬನಿ ಇರುವಾಗಲೇ, ಬೆಳಿಗ್ಗೆ ಆರೂವರೆಗೆ ಹಚ್ಚಿ, ಒಂಬತ್ತೂವರೆಯೊಳಗೆ ಮುಗಿಸಿ. ಹನ್ನೊಂದರ ಮೇಲೆ ನಮ್ಮ ಬಯಲುಸೀಮೆಯಲ್ಲಿ ಗಾಳಿ ಏಳುತ್ತದೆ, ಅದು ಯಾವ ದಿಕ್ಕಿನಿಂದ ಬಂದೀತೆಂದು ಹೇಳುವುದು ಕಷ್ಟ. ಸಂಜೆ ಗಾಳಿ ಬಿದ್ದ ಮೇಲೆ ಹಚ್ಚುತ್ತೇವೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಹಚ್ಚಿದವರು ಊಟ ಮಾಡಿ ಮಲಗುತ್ತಾರೆ, ಕೆಂಡಕ್ಕೆ ನಿದ್ದೆಯಿಲ್ಲ.

ಜಾಗ, ಅಂಚು

ಮರದ ಬುಡದಿಂದ ಕನಿಷ್ಠ 20 ಅಡಿ ಆಚೆ ಬಯಲು ಜಾಗ ಹುಡುಕಿ. ತೆಂಗಿಗೆ ಮಾವು, ಬೇವಿನಂತೆ ತೊಗಟೆಯಡಿ ಬೆಳೆಯುವ ಪದರವಿಲ್ಲ. ಕಾಂಡ ಒಮ್ಮೆ ಬೆಂದರೆ ಆ ಗಾಯ ಕೊನೆಯವರೆಗೂ ಮುಚ್ಚುವುದಿಲ್ಲ. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರೇಳು ಅಡಿಯೊಳಗೆ, ಮೇಲ್ಮಣ್ಣಿನಲ್ಲೇ ಇರುತ್ತವೆ. ಒಣ ಗರಿಗಳು ಮರಕ್ಕೇ ಜೋತುಬಿದ್ದಿದ್ದರೆ ಅವು ಬೆಂಕಿಗೆ ಏಣಿ. ಮೇಲಿರುವ ಸುಳಿ ಒಂದೇ, ಅದು ಸುಟ್ಟರೆ ಮರ ಮುಗಿಯಿತು.

ತಲೆ ಎತ್ತಿ ನೋಡಿ, ಮೇಲೆ ಕರೆಂಟ್ ತಂತಿ ಇರಬಾರದು. ಟಿಸಿ ಹತ್ತಿರವಂತೂ ಬೇಡವೇ ಬೇಡ. ಹನಿ ನೀರಾವರಿ ಪೈಪುಗಳನ್ನು ಸುತ್ತಿ ಎತ್ತಿಡಿ. ಹುಲ್ಲಿನ ಮೆದೆ, ತಿಪ್ಪೆ, ಕೊಟ್ಟಿಗೆ ಎಷ್ಟು ದೂರ ಇವೆ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಕೊಬ್ಬರಿ ಅಟ್ಟ. ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ಕಾಯಿಯ ಸುತ್ತ ಒಣಗಿದ ಮಟ್ಟೆ, ಒಳಗೆ ಕೊಬ್ಬರಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಅಟ್ಟಕ್ಕೆ ಕಿಡಿ ಹಾರಿದರೆ ಬಿಂದಿಗೆ ನೀರು ಸಾಲುವುದಿಲ್ಲ.

ರಾಶಿಯ ಸುತ್ತ ಹತ್ತು ಅಡಿ ಅಗಲ ಹುಲ್ಲು ಹೆರೆದು ಮಣ್ಣು ಕಾಣುವ ಹಾಗೆ ಮಾಡಿ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಎನ್ನುವುದು ಇದರದೇ ದೊಡ್ಡ ರೂಪ. ಹುಲ್ಲನ್ನು ಕೊಯ್ದು ಅಲ್ಲೇ ಬಿಟ್ಟರೆ ರೇಖೆಯಲ್ಲ, ಒಣ ಹಾಸಿಗೆ. ಗುಡ್ಡದ ಬುಡದ ಜಮೀನಿನವರು, ಹಿರೇಕಲ್ಲು ಗುಡ್ಡದ ಕಡೆಯವರು, ಹಳೇಬೀಡಿನ ಪುಷ್ಪಗಿರಿ ಪಕ್ಕದವರು, ಮೇಲ್ಗಡೆಯ ಅಂಚನ್ನು ಇನ್ನೂ ಅಗಲ ಮಾಡಬೇಕು. ಬೆಂಕಿ ಏರು ಹತ್ತುವಷ್ಟು ವೇಗವಾಗಿ ಇಳಿಯುವುದಿಲ್ಲ.

ಹಚ್ಚುವುದು

ನೀರು ಎಂದರೆ ಬೋರ್‌ವೆಲ್ ಎಂದುಕೊಳ್ಳಬೇಡಿ. ತ್ರೀಫೇಸ್ ಕರೆಂಟ್ ಹೋದ ಗಳಿಗೆಯಲ್ಲೇ ಬೆಂಕಿ ಅಂಚು ದಾಟಿದರೆ? ಇನ್ನೂರು ಲೀಟರಿನ ಎರಡು ಡ್ರಮ್ ಮೊದಲೇ ತುಂಬಿಸಿಡಿ. ಔಷಧಿ ಹೊಡೆಯುವ ಕ್ಯಾನನ್ನು ಚೆನ್ನಾಗಿ ತೊಳೆದು ನೀರು ತುಂಬಿ. ಗುದ್ದಲಿ, ಒದ್ದೆ ಗೋಣಿಚೀಲ, ಹೊಂಗೆಯ ಹಸಿ ಕೊಂಬೆ ಕೈಗೆ ಸಿಗುವಂತಿರಲಿ. ಜೊತೆಗೆ ಇನ್ನಿಬ್ಬರು ಇರಲಿ, ಅವರು ಮಕ್ಕಳಾಗಬಾರದು. ಪಕ್ಕದ ಜಮೀನಿನವರಿಗೆ ಹಿಂದಿನ ದಿನವೇ ಹೇಳಿ.

ರಾಶಿ ಮೊಣಕಾಲೆತ್ತರ ಸಾಕು. ಉಳಿದದ್ದನ್ನು ಪಕ್ಕದಲ್ಲಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಒಡ್ಡಿ. ಆಳೆತ್ತರ ಪೇರಿಸಿ ಒಮ್ಮೆಲೇ ಹಚ್ಚಿದರೆ ಗರಿಯ ಚೂರುಗಳು ಉರಿಯುತ್ತಲೇ ಹಾರುತ್ತವೆ. ಗಾಳಿ ಯಾವ ಕಡೆಗೆ ಹೋಗುತ್ತಿದೆಯೋ ಆ ಕಡೆಯ ಅಂಚಿನಲ್ಲಿ ಹಚ್ಚಿ. ಆಗ ಬೆಂಕಿ ಗಾಳಿಗೆ ಎದುರಾಗಿ ನಿಧಾನವಾಗಿ ತಿನ್ನುತ್ತಾ ಬರುತ್ತದೆ. ಬದು ಸುಡುವವರು ಇದನ್ನು ತಿರುಗಾಮುರುಗಾ ಮಾಡುವುದನ್ನು ನೂರು ಸಲ ನೋಡಿದ್ದೇನೆ. ಬೇಗ ಮುಗಿಯಲಿ ಎಂದು ಗಾಳಿ ಬರುವ ಕಡೆಯಿಂದ ಹಚ್ಚುತ್ತಾರೆ, ಬೇಗವೇ ಮುಗಿಯುತ್ತದೆ, ಪಕ್ಕದವರ ಬೇಲಿಯೂ ಸೇರಿ. ಲಂಟಾನ ಹಸಿಯಾಗಿದ್ದರೂ ಎಣ್ಣೆಯಂತೆ ಭುಗ್ಗೆನ್ನುತ್ತದೆ, ಹುಷಾರು. ಸೀಮೆಎಣ್ಣೆ, ಪೆಟ್ರೋಲ್ ಹಾಕಬೇಡಿ. ಪ್ಲಾಸ್ಟಿಕ್ ಹಾಳೆ ಹಾಕಬೇಡಿ.

ಇನ್ನು ಕೆಂಡ

ಸಂಪಾದಕರು ಕೊಟ್ಟ ಜಾಗದಲ್ಲಿ ಹೆಚ್ಚಿನ ಪಾಲು ಇದಕ್ಕೇ ಹೋದರೂ ಪರವಾಗಿಲ್ಲ. ನಮ್ಮಜ್ಜಿ ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡವನ್ನು ಒಂದು ಮೂಲೆಗೆ ಎಳೆದು ಮೇಲೆ ಬೂದಿ ಮುಚ್ಚುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ, ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಒಲೆ ಹತ್ತುತ್ತಿತ್ತು, ಕಡ್ಡಿಪೆಟ್ಟಿಗೆಯ ಖರ್ಚಿಲ್ಲ. ಈಗ ನಾವು ತೋಟದಲ್ಲಿ ಮಾಡುವುದೇನು? ಉರಿ ಇಳಿದ ರಾಶಿಗೆ ನಾಲ್ಕು ಬುಟ್ಟಿ ಮಣ್ಣು ಎರಚಿ, ಆರಿತು ಎಂದು ಕೈ ಒರೆಸಿಕೊಂಡು ಬರುತ್ತೇವೆ. ಅಜ್ಜಿ ಕೆಂಡ ಉಳಿಸಲು ಮಾಡಿದ್ದನ್ನೇ ನಾವು ಕೆಂಡ ಆರಿಸಲು ಮಾಡುತ್ತಿದ್ದೇವೆ! ಊದುಗೊಳವೆಯ ಕೆಲಸವನ್ನು ಮಾರನೆಯ ಮಧ್ಯಾಹ್ನದ ಗಾಳಿ ಮಾಡುತ್ತದೆ.

ಮಟ್ಟೆ ಇದರಲ್ಲಿ ಮಹಾ ಕಳ್ಳ. ನಾರು, ನಾರಿನ ನಡುವಿನ ಪುಡಿ ಉರಿಯಿಲ್ಲದೆ, ಹೊಗೆಯೂ ಕಾಣದಷ್ಟು ಸಣ್ಣಗೆ ದಿನಗಟ್ಟಲೆ ಒಳಗೊಳಗೇ ಬೇಯುತ್ತವೆ. ಹಳೆಯ ತೆಂಗಿನ ಬೊಡ್ಡೆ, ಒಣಗಿದ ಕೊರಡು, ತಿಪ್ಪೆಗಳೂ ಇದೇ ಜಾತಿ. ಬೇಲೂರಿನ ಕಾಫಿ ತೋಟಗಳವರು ಸಿಲ್ವರ್ ಓಕ್‌ನ ಎಲೆ ಹಾಸಿನ ಕೆಳಗೂ ಕೈಯಾಡಿಸಿ ನೋಡಬೇಕು.

ನಮ್ಮದೇ ತೋಟದ ಕಥೆ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಮಟ್ಟೆ ರಾಶಿ ಸುಟ್ಟು, ನಾಲ್ಕು ಬಿಂದಿಗೆ ನೀರು ಸುರಿದು, ಮೇಲೆ ಮಣ್ಣು ಹಾಕಿ ಬಂದೆ. ಸೋಮವಾರ ನೋಡಿದೆ, ತಣ್ಣಗಿತ್ತು. ಮಂಗಳವಾರ ಮೂರು ಗಂಟೆಗೆ ಎದ್ದ ಸುಳಿಗಾಳಿ ಆ ಮಣ್ಣನ್ನು ಕೆದರಿ ಒಂದು ಮಟ್ಟೆಯ ಚೂರನ್ನು ಪಕ್ಕದವರ ರಾಗಿ ಹುಲ್ಲಿನ ಮೆದೆಗೆ ಒಯ್ದಿತು. ಅವರು ಒಂದು ಮಾತೂ ಬೈಯಲಿಲ್ಲ. ಮಳೆಗಾಲದವರೆಗೆ ಅವರ ಎರಡು ಹಸುಗಳಿಗೆ ನಮ್ಮ ಮೆದೆಯಿಂದ ಹುಲ್ಲು ಹೋಯಿತು.

ಅಂದಿನಿಂದ ನಾನು ಮಾಡುವ ಕ್ರಮ ಇದು. ಉರಿ ಇಳಿದ ಕೂಡಲೇ ರಾಶಿಯನ್ನು ಗುದ್ದಲಿಯಿಂದ ತೆಳ್ಳಗೆ ಹರಡಬೇಕು. ನೀರು ಹಾಕಿ, ಕಲಸಿ, ಮತ್ತೆ ನೀರು ಹಾಕಬೇಕು. ಬೂದಿ ಅಂಬಲಿಯ ಹದಕ್ಕೆ ಬರಬೇಕು. ಅರ್ಧ ಸುಟ್ಟ ಮಟ್ಟೆ, ಕೊರಡುಗಳನ್ನು ಒಂದೊಂದಾಗಿ ಎತ್ತಿ ಡ್ರಮ್ಮಿನಲ್ಲಿ ಮುಳುಗಿಸಬೇಕು. ಮಟ್ಟೆ ತೇಲುತ್ತದೆ, ಗುಳ್ಳೆ ನಿಲ್ಲುವವರೆಗೆ ಕೋಲಿನಿಂದ ಒತ್ತಿ ಹಿಡಿಯಿರಿ. ಆಮೇಲೆ ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ತನ್ನಿ. ಬಿಸಿ ತಾಕದಿದ್ದರೆ ಮೆಲ್ಲಗೆ ಮುಟ್ಟಿ. ಬೆಚ್ಚಗಿದ್ದರೆ ಆರಿಲ್ಲ ಎಂದೇ ಅರ್ಥ, ಮತ್ತೆ ನೀರು. ಸುಟ್ಟ ಜಾಗದ ಅಂಚನ್ನು ಒಂದು ಸುತ್ತು ನಡೆದು ನೋಡಿ. ಅದೇ ದಿನ ಮಧ್ಯಾಹ್ನ ಮೂರಕ್ಕೆ ಒಮ್ಮೆ, ಕತ್ತಲಾಗುವಾಗ ಒಮ್ಮೆ ಹೋಗಿ. ಹಗಲು ಕಾಣದ ಕೆಂಡ ಮಬ್ಬಿನಲ್ಲಿ ಕಾಣುತ್ತದೆ. ಬಿಕ್ಕೋಡು, ಅರೇಹಳ್ಳಿ ಕಡೆಯವರು ಮಾತ್ರ ಕತ್ತಲಿನ ಸುತ್ತು ಬಿಟ್ಟುಬಿಡಿ, ಆನೆ ಇರುವ ಊರಲ್ಲಿ ಬೆಳಕು ಹರಿದ ಮೇಲೆ ಹೋದರೆ ಸಾಕು. ಮಾರನೆಯ ದಿನವೂ, ಮೂರನೆಯ ದಿನವೂ ಹೋಗಬೇಕು. ಅತಿಯಾಯಿತು ಎನಿಸಿದರೆ ಮಟ್ಟೆ ಸುಡಬೇಡಿ, ಹೂಳಿ.

ಕೈ ಮೀರಿದರೆ

ಜಾಗ ಕಡಿಮೆ, ಚುಟುಕಾಗಿ ಹೇಳುತ್ತೇನೆ. ಬೆಂಕಿ ಅಂಚು ದಾಟಿದ ಕೂಡಲೇ 112 ಅಥವಾ 101ಕ್ಕೆ ಫೋನ್ ಮಾಡಿ; ಕಾಡಿನ ಅಂಚಾದರೆ ಅರಣ್ಯ ಇಲಾಖೆಯ 1926. ನಾವೇ ಆರಿಸಿಬಿಡೋಣ ಎಂದು ಕಾಲು ಗಂಟೆ ಕಳೆಯಬೇಡಿ. ಸುಟ್ಟು ಕಪ್ಪಾದ ಕಡೆ ನಿಂತು, ಪಕ್ಕದಿಂದ ಬಡಿಯುತ್ತಾ ಬನ್ನಿ. ಉರಿಯ ಮುಂದೆ, ಏರಿನ ಮೇಲೆ ನಿಲ್ಲಬೇಡಿ. ನೈಲಾನ್ ಬಟ್ಟೆ ಮೈಗಂಟುತ್ತದೆ, ಹತ್ತಿಯದೇ ಇರಲಿ. 2023ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಕಾಡ್ಗಿಚ್ಚು ಆರಿಸಲು ಹೋದ ಅರಣ್ಯ ರಕ್ಷಕ ಸುಂದರೇಶ್ ಸುಟ್ಟಗಾಯಗಳಿಂದ ತೀರಿಕೊಂಡರು. ಅದೇ ಕೆಲಸದಲ್ಲಿದ್ದವರ ಕಥೆಯೇ ಹೀಗಾದರೆ, ಪಂಚೆ ಎತ್ತಿಕಟ್ಟಿಕೊಂಡು ನುಗ್ಗುವ ನಮ್ಮದೇನು? ದನಕರುಗಳ ಹಗ್ಗ ಮೊದಲು ಬಿಚ್ಚಿ. ಸುಟ್ಟಗಾಯಕ್ಕೆ ತಣ್ಣೀರು ಇಪ್ಪತ್ತು ನಿಮಿಷ ಹರಿಸಿ. ಪೇಸ್ಟ್, ಶಾಯಿ, ಅರಿಶಿನ ಹಚ್ಚದೆ ಆಸ್ಪತ್ರೆಗೆ ಹೊರಡಿ.

ಕಾನೂನೂ ಇದೆ. ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿ ಬೇರೆಯವರ ಪ್ರಾಣಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೀಸಲು ಅರಣ್ಯಕ್ಕೆ ತಗುಲಿದರೆ ಅರಣ್ಯ ಕಾಯ್ದೆಯ ಕೇಸು ಬೇರೆ.

ಬೆಂದ ತೆಂಗಿನ ಮರವನ್ನು ಆತುರಪಟ್ಟು ಕಡಿಸಬೇಡಿ. ಪಾತಿಗೆ ನೀರು ಕೊಡಿ, ಕಾಂಡದ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ, ಏಕೆಂದರೆ ಗಾಯದ ವಾಸನೆಗೆ ಕೆಂಪುಮೂತಿ ಹುಳು ಬರುತ್ತದೆ. ಸುಳಿ ಹಸಿರಾಗಿದ್ದರೆ ಒಂದು ಮಳೆಗಾಲ ಕಾದು ನೋಡಿ.