ಎರಡನೇ ಸಲ ಹಾಕಬೇಕಿದ್ದ ಲೆಕ್ಕ

"ಸಿಸ್ಟರ್, ಕೆಮ್ಮಿದ್ರೆ ಎದೆಯೊಳಗೆ ಕಟ್ ಅಂತದೆ," ಅಂದರು ಅವರು. ಬೈಪಾಸ್ ಆಗಿ ಏಳನೇ ದಿನ. ಮರುದಿನ ಡಿಸ್ಚಾರ್ಜ್. ಜ್ವರ ಇರಲಿಲ್ಲ, ಹೊಲಿಗೆ ಒಣಗಿತ್ತು. "ನೋವಿಗೆ ಹಾಗನ್ನಿಸುತ್ತೆ ಯಜಮಾನ್ರೇ, ದಿಂಬು ಅವುಚಿಕೊಂಡು ಕೆಮ್ಮಿ," ಎಂದು ಮುಂದಿನ ಹಾಸಿಗೆಗೆ ಹೋದೆ.

ಎಂಟು ದಿನಕ್ಕೆ ಅವರು ವಾಪಸು ಬಂದಾಗ ಅಂಗಿಯ ಮೇಲೆ ಕೀವಿನ ಕಲೆಯಿತ್ತು. ಎದೆಮೂಳೆಯನ್ನು ಬಿಗಿದಿದ್ದ ತಂತಿ ಸಡಿಲವಾಗಿ, ಸೋಂಕು ಆಳಕ್ಕೆ ಇಳಿದಿತ್ತು. ಮತ್ತೆ ಎದೆ ತೆರೆದು ತೊಳೆಯಬೇಕಾಯಿತು. ವಾರಗಟ್ಟಲೆ ಆಂಟಿಬಯೋಟಿಕ್ ನಡೆಯಿತು. ಬದುಕಿಕೊಂಡರು.

ಅವರು ವಾಪಸು ಬಂದ ರಾತ್ರಿ ಅವರ ಕೇಸ್ ಶೀಟನ್ನು ಮೊದಲಿನಿಂದ ಓದಿದ್ದೆ. ಆಪರೇಷನ್‌ಗೆ ಮುಂಚಿನ ಅಂದಾಜಿನಲ್ಲಿ ಅವರಿಗೆ ಸೋಂಕಿನ ಅಪಾಯ ಕಡಿಮೆ ಎಂದಿತ್ತು. ಸಕ್ಕರೆ ಕಾಯಿಲೆ ಇಲ್ಲ, ಬೊಜ್ಜಿಲ್ಲ, ಬೀಡಿ ಸಿಗರೇಟಿಲ್ಲ, ಕಿಡ್ನಿ ಚೆನ್ನಾಗಿದೆ. ಬರೆದ ದಿನಕ್ಕೆ ಆ ಲೆಕ್ಕ ಸರಿಯೇ. ಆದರೆ ಆಪರೇಷನ್ ಆದ ರಾತ್ರಿಯೇ ರಕ್ತಸ್ರಾವ ನಿಲ್ಲದೆ ಅವರನ್ನು ಮತ್ತೆ ಥಿಯೇಟರಿಗೆ ಒಯ್ದಿದ್ದೆವು. ರಕ್ತ ಏರಿಸಿದ್ದೆವು. ಎರಡು ದಿನ ವೆಂಟಿಲೇಟರ್‌ನಲ್ಲಿದ್ದರು. ಸಕ್ಕರೆ ಕಾಯಿಲೆ ಇಲ್ಲದವರಿಗೂ ಆಪರೇಷನ್‌ನ ಆಘಾತಕ್ಕೆ ರಕ್ತದ ಸಕ್ಕರೆ ಏರುತ್ತದೆ. ಅವರದು 180 ದಾಟಿ ಎರಡು ರಾತ್ರಿ ಕೆಳಗಿಳಿದಿರಲಿಲ್ಲ. ಈ ನಾಲ್ಕೂ ಸೋಂಕಿಗೆ ದಾರಿ ಮಾಡುವಂಥವೇ. ನಾಲ್ಕೂ ಬೇರೆ ಬೇರೆ ಹಾಳೆಗಳಲ್ಲಿದ್ದವು. ಕೆಲವು ನನ್ನದೇ ಕೈಬರಹದಲ್ಲಿ. ನಾನು ಕೂಡಿಸಿ ನೋಡಿರಲಿಲ್ಲ.

ಅಲ್ಲಿಂದೀಚೆಗೆ, ರೋಗಿ ಐಸಿಯುನಿಂದ ವಾರ್ಡಿಗೆ ಬಂದ ದಿನ ಲೆಕ್ಕವನ್ನು ಹೊಸದಾಗಿ ಹಾಕುತ್ತೇನೆ. ರಕ್ತಪರೀಕ್ಷೆಯ ಒಂದು ಅಂಕಿಯನ್ನು ನೆಚ್ಚುವುದಿಲ್ಲ. ಮೊದಲ ಎರಡು ಮೂರು ದಿನ ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರುವುದು ಆಪರೇಷನ್‌ನಿಂದಲೇ. ಆಗಿನ ಸಣ್ಣ ಜ್ವರವೂ ಬಹಳ ಸಲ ಹಾಗೆಯೇ. ಇಳಿಯುತ್ತಿದ್ದದ್ದು ಮತ್ತೆ ಏರತೊಡಗಿದರೆ ಎಚ್ಚರವಾಗಬೇಕು.

ಮನೆಯವರಿಗೂ ಕೂರಿಸಿ ಹೇಳುತ್ತೇನೆ: ಆಳದ ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮನೆಗೆ ಹೋದ ಮೇಲೆ. 90 ದಿನ ಗಮನವಿರಲಿ. ಎದೆಯ ಗಾಯದ ಜೊತೆ, ರಕ್ತನಾಳ ತೆಗೆದ ಕಾಲಿನ ಗಾಯವನ್ನೂ ದಿನಾ ನೋಡಿ. ನೀರು ಜಿನುಗಿದರೆ, ಕೆಂಪಗಾದರೆ, ಕಡಿಮೆಯಾಗಿದ್ದ ನೋವು ಹೆಚ್ಚಿದರೆ, ಜ್ವರ ಬರಲೆಂದು ಕಾಯದೆ ಕರೆತನ್ನಿ.

ಡಿಸ್ಚಾರ್ಜ್ ದಿನ ಒಬ್ಬೊಬ್ಬರ ಎದೆಯ ಮೇಲೂ ಅಂಗೈ ಇಟ್ಟು, "ಒಂದ್ಸಲ ಕೆಮ್ಮಿ," ಎನ್ನುತ್ತೇನೆ. ಅಂಗೈಗೆ ಆ 'ಕಟ್' ತಾಗಿದರೆ, ಸರ್ಜನ್ ಬಂದು ನೋಡುವವರೆಗೆ ಅವರನ್ನು ಮನೆಗೆ ಬಿಡುವುದಿಲ್ಲ.