ಕೆದರುವ ಕೂದಲಿಗೆ ಯಾವ ಶ್ಯಾಂಪೂ? ಮೊದಲು ನೀರು ನೋಡಿ

ವರ್ಷವಿಡೀ ಅಟ್ಟದ ಮೇಲೆ ಕೊಬ್ಬರಿ ಒಣಗುವ ಮನೆಯಲ್ಲೂ ಹೆಣ್ಣುಮಕ್ಕಳ ತಲೆ ತೆಂಗಿನ ನಾರಿನಂತೆ ಕೆದರಿರುವುದುಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಯಾವ ಅಂಗಡಿಗೆ ಹೋದರೂ ತೆಂಗಿನ ಹೋಳಿನ ಚಿತ್ರ ಹೊತ್ತ 'ನ್ಯಾಚುರಲ್' ಬಾಟಲಿಗಳು ಸಿಗುತ್ತವೆ. ತೆಂಗು ಬೆಳೆಯುವ ನಮಗೇ ತೆಂಗಿನ ಚಿತ್ರ ತೋರಿಸಿ ಮಾರುವವರ ಧೈರ್ಯ ಮೆಚ್ಚಬೇಕು! ಇರಲಿ, ಬಾಟಲಿಗೆ ಕೈಹಾಕುವ ಮೊದಲು ಬಚ್ಚಲಿಗೆ ಬರುವ ನೀರನ್ನು ಪರೀಕ್ಷಿಸಿ.

ಅರ್ಧ ಬಾಟಲಿ ನೀರಿಗೆ ಕಡಲೆಕಾಳಿನಷ್ಟು ಮೈಸೋಪು ಹಾಕಿ ಚೆನ್ನಾಗಿ ಕುಲುಕಿ. ನೊರೆ ಬಾರದೆ ಒಡೆದ ಹಾಲಿನಂತೆ ಚೂರುಚೂರು ತೇಲಿದರೆ ಅದು ಗಡಸು ನೀರು. ಹಂಡೆಯೊಳಗೆ ಕಟ್ಟುವ ಬಿಳಿ ಪದರವೂ ಅದನ್ನೇ ಹೇಳುತ್ತದೆ. ಕೊಳವೆಬಾವಿ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನೊಂದಿಗೆ ಸೇರಿ ಆಗುವ ಈ ಜಿಡ್ಡು ಕೂದಲಿಗೂ ಅಂಟಿಕೊಳ್ಳುತ್ತದೆ. ಕೂದಲಿನ ಹೊರಪದರ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಕೂತಿರುವ ಸಿಪ್ಪೆಗಳದ್ದು. ಅವು ಎದ್ದು ನಿಂತರೆ ಕೂದಲು ಒರಟಾಗಿ ಕೆದರುತ್ತದೆ. ಹಾಗಾಗಿ ತಲೆಗೆ ಮೈಸೋಪು ಬೇಡವೇ ಬೇಡ.

ತೆಂಗಿನ ನಿಜವಾದ ಕೆಲಸ ಸ್ನಾನಕ್ಕೆ ಮೊದಲೇ ಮುಗಿದಿರಬೇಕು. ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮತ್ತು ಕೊಬ್ಬರಿ ಎಣ್ಣೆಯನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿಯಬಲ್ಲದು. ಒಂದೆರಡು ಚಮಚ ಎಣ್ಣೆಯನ್ನು ಸ್ನಾನಕ್ಕೆ ಗಂಟೆ ಮೊದಲು, ಇಲ್ಲವೇ ಹಿಂದಿನ ರಾತ್ರಿಯೇ ತುದಿಯವರೆಗೆ ಹಚ್ಚಿ. ಗಾಣದಲ್ಲಿ ಆಡಿಸುವಾಗ ಕೌಟು ವಾಸನೆಯ ಕೊಬ್ಬರಿ ಬೆರೆಸಬೇಡಿ. ಮಾಗಿಯ ಬೆಳಗಿನಲ್ಲಿ ಎಣ್ಣೆ ಗಟ್ಟಿಯಾದರೆ ಗಾಬರಿ ಬೇಡ, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ.

ಇನ್ನು ಶ್ಯಾಂಪೂ. ಬಾಟಲಿಯ ಮುಂಬದಿ ಜಾಹೀರಾತು, ಹಿಂಬದಿ ಸತ್ಯ. ಅಕ್ಷರ ಸಣ್ಣದಾದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿ. ಹೆಚ್ಚು ಪ್ರಮಾಣದಲ್ಲಿರುವುದನ್ನು ಪಟ್ಟಿಯಲ್ಲಿ ಮೊದಲು ಬರೆದಿರುತ್ತಾರೆ. ಆರಂಭದಲ್ಲೇ ಸೋಡಿಯಂ ಲಾರಿಲ್ ಸಲ್ಫೇಟ್ ಇದ್ದು, ಕೊಬ್ಬರಿ ಎಣ್ಣೆ ಪಟ್ಟಿಯ ಬಾಲದಲ್ಲಿದ್ದರೆ ಅದು ಕೆದರುಗೂದಲಿಗಲ್ಲ. ತಮಾಷೆಯೆಂದರೆ ಈ ಸಲ್ಫೇಟನ್ನೂ ಕೊಬ್ಬರಿ ಎಣ್ಣೆಯಿಂದ ತಯಾರಿಸಬಹುದು! 'ತೆಂಗಿನಿಂದ ಮಾಡಿದ್ದು' ಎಂಬ ಮಾತು ಸುಳ್ಳಾಗದಿದ್ದರೂ ಅದು ಕೂದಲಿನ ಜಿಡ್ಡನ್ನೆಲ್ಲ ಕಿತ್ತೊಯ್ಯುತ್ತದೆ. ಕೊಕೊ ಗ್ಲುಕೋಸೈಡ್, ಡೆಸಿಲ್ ಗ್ಲುಕೋಸೈಡ್, ಕೊಕಾಮಿಡೊಪ್ರೊಪಿಲ್ ಬೀಟೈನ್ ಎಂಬ ಹೆಸರುಗಳಿದ್ದರೆ ಸೌಮ್ಯ. ನೀರು ಗಡಸಾಗಿದ್ದರೆ ಇಡಿಟಿಎ ಅಥವಾ ಸೋಡಿಯಂ ಫೈಟೇಟ್ ಇರುವುದನ್ನು ಆರಿಸಿ, ಅವು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತವೆ. ಮೊದಲೇ ದೊಡ್ಡ ಬಾಟಲಿ ಕೊಳ್ಳದೆ, ಸ್ಯಾಷೆ ಸಿಕ್ಕರೆ ಮೂರ್ನಾಲ್ಕು ಸ್ನಾನ ಅದರಲ್ಲೇ ಆಗಲಿ.

ಸೀಗೆಕಾಯಿಯ ಸಪೋನಿನ್ ಗಡಸು ನೀರಲ್ಲೂ ಸೋಪಿನಂತೆ ಒಡೆಯುವುದಿಲ್ಲ. ಆದರೆ ಪುಡಿಯನ್ನೇ ತಲೆಗೆ ತಿಕ್ಕಿದರೆ ತರಿ ಸಿಕ್ಕಿಕೊಂಡು ಕೂದಲು ಇನ್ನಷ್ಟು ಒರಟಾಗುತ್ತದೆ. ನಾಲ್ಕೈದು ಕಾಯಿ ಒಡೆದು ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನಷ್ಟೇ ಬಳಸಿ. ಕಣ್ಣಿಗೆ ಬಿದ್ದರೆ ಉರಿ ಗೊತ್ತೇ ಇದೆ.

ಕಂಡಿಷನರ್ ವಿಷಯದಲ್ಲಿ ಶುದ್ಧ ನೈಸರ್ಗಿಕವೆಂಬ ಹಟ ನನಗಿಲ್ಲ. ಸೀಟೈಲ್ ಆಲ್ಕೋಹಾಲ್ ಎಂದಿದ್ದರೆ ಹೆದರಬೇಡಿ, ಅದು ಮೇಣದಂಥ ಕೊಬ್ಬಿನ ಪದಾರ್ಥ, ಕೂದಲನ್ನು ಮೃದು ಮಾಡುತ್ತದೆ. ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಗಿಡದಲ್ಲಿ ಬೆಳೆಯುವುದಿಲ್ಲ, ಆದರೆ ಸಿಕ್ಕು ಬಿಡಿಸುವುದರಲ್ಲಿ ಲೋಳೆಸರ, ಮೆಂತ್ಯದ ಲೋಳೆಗಿಂತ ಒಂದು ಕೈ ಮೇಲೆಂದೇ ನನ್ನ ಅನಿಸಿಕೆ. ಬುಡ ಬಿಟ್ಟು ಮಧ್ಯದಿಂದ ತುದಿಗೆ ಹಚ್ಚಿ, ಎರಡು ನಿಮಿಷ ಬಿಟ್ಟು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತಾ ಬನ್ನಿ, ಆಮೇಲೆ ತೊಳೆಯಿರಿ. ಯಾವುದೇ ಹೊಸದನ್ನು ಹಿಂದಿನ ದಿನ ಮೊಣಕೈ ಒಳಬದಿಗೆ ಹಚ್ಚಿ ತುರಿಕೆ ಬಂತೇ ನೋಡಿ. ಒರೆಸಲು ದಪ್ಪ ಟವೆಲ್‌ಗಿಂತ ಹಳೇ ಪಂಚೆಯೇ ಮೇಲು. ಉಜ್ಜದೆ, ಒತ್ತಿ ನೀರು ಹೀರಿಸಿ.

ಮುಂಗಾರು ಬಂದಾಗ ಮಾಡಿನಿಂದ ಸುರಿಯುವ ಮೊದಲ ನೀರನ್ನು ಹರಿಯಬಿಟ್ಟು, ಆಮೇಲಿನದನ್ನು ಕೊಡದಲ್ಲಿ ಹಿಡಿದು ಕೊನೆಯ ಎರಡು ಚೊಂಬು ತಲೆಗೆ ಅದನ್ನೇ ಸುರಿದು ನೋಡಿ. ಬಾಚಣಿಗೆ ಸಲೀಸಾಗಿ ಇಳಿದರೆ, ಇಷ್ಟು ದಿನ ಬೈಸಿಕೊಂಡ ಶ್ಯಾಂಪೂ ನಿರಪರಾಧಿ.